ಮಕ್ಕಳಿಗೆ ಮಾತು ಕಲಿಸುವ ಬಗೆ
(ವಡಪಳನಿಯಲ್ಲಿ ರಾಜ್ಯೋತ್ಸವದ ಅಂಗವಾಗಿ ತಂದೆತಾಯಿಗಳ ಸಭೆಯಲ್ಲಿ ಮಾಡಿದ ಭಾಷಣ)



ರಾಜ್ಯೋತ್ಸವದ ವೇದಿಕೆಯ ಮೇಲೆ ನಿಂತವರು ನಾಡಿನ ಹಿರಿಮೆಯನ್ನೂ ಕವಿಗಳ ಕೀರ್ತಿಯನ್ನೂ ಕೊಂಡಾಡುವುದು ವಾಡಿಕೆ. ಕಾರ್ಯದರ್ಶಿಗಳು ನನಗೆ ಒಪ್ಪಿಸಿರುವ ವಿಷಯ ಅಷ್ಟು ದೊಡ್ಡದಲ್ಲ. ಭಾನುವಾರದ ಕನ್ನಡ ತರಗತಿಗೆ ಬರುವ ಮಕ್ಕಳಿಗೆ ಕನ್ನಡದ ಶಬ್ದಗಳನ್ನು ಬೇಸರವಾಗದಂತೆ ಕಲಿಸುವುದು ಹೇಗೆ ಎಂಬುದಷ್ಟೇ ಈ ಹೊತ್ತಿನ ಮಾತು. ವಿಷಯ ಚಿಕ್ಕದಾಗಿ ಕಂಡರೂ, ಕನ್ನಡ ನಾಡಿನ ಹೊರಗೆ ನೆಲೆಸಿದ ನಮ್ಮಂಥವರಿಗೆ ಮಿಕ್ಕ ಅನೇಕ ವಿಷಯಗಳು ಇದರ ಮೇಲೆಯೇ ನಿಂತಿವೆ ಎಂದು ನನ್ನ ಎಣಿಕೆ.

ಮೊದಲು ರೋಗವನ್ನು ಸರಿಯಾಗಿ ಗುರುತಿಸೋಣ. ನಮ್ಮ ಮಕ್ಕಳಿಗೆ ಕನ್ನಡ ಬರುವುದಿಲ್ಲ ಎಂದು ಹೇಳುವುದು ಪೂರ್ತಿ ನಿಜವಲ್ಲ. ಬಾ, ಹೋಗು, ಮಲಗು, ಅನ್ನ, ಸಾರು, ಹುಳಿ, ಚಪ್ಪಲಿ, ಬಾಗಿಲು, ಇವೆಲ್ಲ ಅವರಿಗೆ ಬರುತ್ತವೆ. ಅಜ್ಜಿ ಕನ್ನಡದಲ್ಲಿ ಕೇಳಿದ್ದು ಮಗುವಿಗೆ ತಿಳಿಯುತ್ತದೆ. ಉತ್ತರ ಮಾತ್ರ ತಮಿಳಿನಲ್ಲಿಯೋ ಇಂಗ್ಲಿಷಿನಲ್ಲಿಯೋ ಬರುತ್ತದೆ. ಇದಕ್ಕೆ ಕಾರಣ ಮಗುವಿನ ಹಟವೆಂದು ನಾವು ತಿಳಿಯುತ್ತೇವೆ. ನಿಜವಾಗಿ ನೋಡಿದರೆ, ಮಗುವಿನ ಬಳಿ ಇರುವುದು ಅಡಿಗೆಮನೆಯ ಕನ್ನಡ. ಐದು ವರ್ಷದ ಮಗುವಿಗೆ ಅದು ಸಾಕು. ಅದೇ ಮಗುವಿಗೆ ಹನ್ನೆರಡು ವರ್ಷವಾಗಿ, ಗೆಳೆಯನು ಮಾತಿಗೆ ತಪ್ಪಿದನೆಂಬ ಸಂಕಟವನ್ನೋ, ನಾಳೆಯ ಪರೀಕ್ಷೆಯ ಅಳುಕನ್ನೋ ಮನೆಯಲ್ಲಿ ಹೇಳಿಕೊಳ್ಳಬೇಕಾದಾಗ, ಅದಕ್ಕೆ ತಕ್ಕ ಕನ್ನಡದ ಮಾತು ನಾಲಗೆಗೆ ಸಿಗುವುದಿಲ್ಲ. ಸಿಗದ ಮಾತನ್ನು ಯಾರೂ ಬಹಳ ಹೊತ್ತು ಹುಡುಕುತ್ತ ನಿಲ್ಲುವುದಿಲ್ಲ. ಮಗು ಬೇರೆ ನುಡಿಗೆ ಹೊರಳುತ್ತದೆ. ಅಜ್ಜಿಗೂ ಮೊಮ್ಮಗುವಿಗೂ ನಡುವೆ ‘ಊಟ ಆಯಿತೆ’ ಎಂಬುದಕ್ಕಿಂತ ಮುಂದಿನ ಮಾತು ನಿಂತುಹೋಗುತ್ತದೆ. ಶಬ್ದಗಳನ್ನು ಕಲಿಸುವುದು ಪರೀಕ್ಷೆಯ ಅಂಕಗಳಿಗಾಗಿ ಅಲ್ಲ. ಈ ಮಾತು ನಿಲ್ಲದಿರಲಿ ಎಂದು.

ಈ ಊರಿನಲ್ಲಿ ಕನ್ನಡವು ಹೊಸದಾಗಿ ಬಂದ ನುಡಿಯೇನೂ ಅಲ್ಲ. ೧೯೫೬ರ ನವೆಂಬರ್ ೧ರವರೆಗೆ ದಕ್ಷಿಣ ಕನ್ನಡವೂ ಕೊಳ್ಳೇಗಾಲವೂ ಮದರಾಸು ರಾಜ್ಯಕ್ಕೆ ಸೇರಿದ್ದವು. ಅಲ್ಲಿನ ಹುಡುಗರು ಓದಿಗೂ ಉದ್ಯೋಗಕ್ಕೂ ಬರುತ್ತಿದ್ದುದು ಈ ನಗರಕ್ಕೆ. ವಿಲಿಯಂ ರೀವ್‌ರ ಕನ್ನಡ–ಇಂಗ್ಲಿಷ್ ನಿಘಂಟು ೧೮೩೨ರಲ್ಲಿ ಅಚ್ಚಾದದ್ದು ಮದರಾಸಿನಲ್ಲಿ. ಮಂಗಳೂರಿನಲ್ಲಿ ೧೮೯೪ರಲ್ಲಿ ಹೊರಬಂದ ಕಿಟ್ಟೆಲರ ಮಹಾಕೋಶವನ್ನು ಪರಿಷ್ಕರಿಸಿ, ಹಿಗ್ಗಿಸಿ, ೧೯೬೮ರಿಂದ ೧೯೭೧ರ ಒಳಗೆ ನಾಲ್ಕು ಸಂಪುಟಗಳಲ್ಲಿ ಪ್ರಕಟಿಸಿದ್ದು ಮದರಾಸು ವಿಶ್ವವಿದ್ಯಾನಿಲಯ. ಆ ಕೆಲಸ ಮಾಡಿದವರು ಮರಿಯಪ್ಪ ಭಟ್ಟರು. ಇನ್ನು ವಡಪಳನಿಯ ಮಾತು ಹೇಳಬೇಕೆ? ಎ.ವಿ.ಎಂ., ವಿಜಯಾ–ವಾಹಿನಿ ಮೊದಲಾದ ಸ್ಟುಡಿಯೋಗಳು ಈ ಆರ್ಕಾಟ್ ರಸ್ತೆಯ ಆಸುಪಾಸಿನಲ್ಲಿ ಕೆಲಸ ಮಾಡುತ್ತಿದ್ದ ಕಾಲದಲ್ಲಿ ಕನ್ನಡ ಚಿತ್ರಗಳ ಬಹುಭಾಗ ತಯಾರಾದದ್ದು ಮದರಾಸಿನಲ್ಲಿಯೇ. ‘ಬೇಡರ ಕಣ್ಣಪ್ಪ’ (೧೯೫೪) ಚಿತ್ರದಿಂದ ನಾಯಕನಟರಾದ ರಾಜಕುಮಾರ್ ಅವರು ಅನೇಕ ವರ್ಷ ಈ ನಗರದಲ್ಲಿಯೇ ಮನೆ ಮಾಡಿಕೊಂಡಿದ್ದರು. ಆಗ ಇಲ್ಲಿ ಕನ್ನಡವು ದುಡಿಮೆಯ ನುಡಿಯೂ ಆಗಿತ್ತು. ಬರಬರುತ್ತ ಚಿತ್ರೋದ್ಯಮ ಬೆಂಗಳೂರಿಗೆ ಹೋಯಿತು. ಮನೆಯ ನುಡಿಯಾಗಿ ಕನ್ನಡ ಉಳಿಯಿತು. ತಮಿಳುನಾಡಿನಲ್ಲಿ ೨೦೦೬ರ ತಮಿಳು ಕಲಿಕೆಯ ಕಾಯಿದೆ ಬಂದ ಮೇಲೆ ಶಾಲೆಯಲ್ಲಿ ತಮಿಳು ಕಡ್ಡಾಯವಾಯಿತು. ಶಾಲೆಯಲ್ಲಿ ಕನ್ನಡಕ್ಕೆ ಸ್ಥಳ ದೊರೆಯದ ಮಕ್ಕಳಿಗೆ ಉಳಿದಿರುವುದು ಮನೆ, ಮತ್ತು ವಾರಕ್ಕೊಂದು ಗಂಟೆಯ ಈ ತರಗತಿ.

ಆ ಒಂದು ಗಂಟೆಯಲ್ಲಿ ನಾವು ಸಾಮಾನ್ಯವಾಗಿ ಏನು ಮಾಡುತ್ತೇವೆ? ಪಾಠವನ್ನು ಓದಿಸಿ, ಕಠಿನ ಪದಗಳ ಅರ್ಥವನ್ನು ಹಲಗೆಯ ಮೇಲೆ ಬರೆದು, ‘ಹತ್ತು ಸಲ ಬರೆದುಕೊಂಡು ಬನ್ನಿ’ ಎನ್ನುತ್ತೇವೆ. ಮಗು ಬರೆಯುತ್ತದೆ, ಕೈ ನೋಯುತ್ತದೆ, ಮುಂದಿನ ವಾರ ಮರೆತಿರುತ್ತದೆ. ಹಿಂದೆ ಕೂಲಿಮಠಗಳಲ್ಲಿ ಅಮರಕೋಶವನ್ನು ಬಾಯಿಪಾಠ ಮಾಡಿಸುತ್ತಿದ್ದರಲ್ಲ, ಅದೂ ಇದೇ ಅಲ್ಲವೆ ಎಂದು ಕೆಲವರು ಕೇಳಬಹುದು. ಅಮರಕೋಶದಲ್ಲಿ ಒಂದು ಜಾಣತನವಿತ್ತು. ಅಮರಸಿಂಹನು ಮಾತುಗಳನ್ನು ಅಕ್ಷರಕ್ರಮದಲ್ಲಿ ಜೋಡಿಸದೆ ವರ್ಗ ವರ್ಗವಾಗಿ ಜೋಡಿಸಿದನು. ಗಿಡಮರಗಳದೊಂದು ವರ್ಗ, ಮೃಗಗಳದೊಂದು ವರ್ಗ, ಮನುಷ್ಯರದೊಂದು ವರ್ಗ. ಒಂದು ಮಾತು ಇನ್ನೊಂದರ ಕೈ ಹಿಡಿದುಕೊಂಡು ನೆನಪಿಗೆ ಬರುತ್ತಿತ್ತು. ಮೇಲೆ ಛಂದಸ್ಸಿನ ನಡೆಯೂ ಸಹಾಯಕ್ಕಿತ್ತು. ಯೂರೋಪಿನಲ್ಲಿ ಕೊಮೇನಿಯಸ್ ಎಂಬ ಗುರುವು ೧೬೫೮ರಲ್ಲಿ ಮಕ್ಕಳಿಗಾಗಿ ಚಿತ್ರಗಳ ಪುಸ್ತಕವೊಂದನ್ನು ಹೊರತಂದು, ಚಿತ್ರದ ಪಕ್ಕದಲ್ಲಿ ಲ್ಯಾಟಿನ್ ಮಾತನ್ನೂ ಮಗುವಿನ ಮನೆಮಾತನ್ನೂ ಒಟ್ಟಿಗೆ ಇರಿಸಿದನು. ಇಬ್ಬರಿಂದಲೂ ತಿಳಿಯುವುದು ಒಂದೇ: ಹೊಸ ಮಾತು ನಿಲ್ಲಬೇಕಾದರೆ ಮಗುವಿಗೆ ಮೊದಲೇ ತಿಳಿದಿರುವ ಯಾವುದಾದರೊಂದಕ್ಕೆ ಅದನ್ನು ಕಟ್ಟಬೇಕು.

ನಮ್ಮ ಮಕ್ಕಳಿಗೆ ಮೊದಲೇ ತಿಳಿದಿರುವುದು ಯಾವುದು? ತಮಿಳು. ಇಲ್ಲಿಯೇ ನನ್ನ ಮುಖ್ಯ ಸೂಚನೆ ಇದೆ. ಕನ್ನಡ ತರಗತಿಯ ಬಾಗಿಲಲ್ಲಿ ತಮಿಳನ್ನು ಚಪ್ಪಲಿಯ ಜೊತೆಗೆ ಬಿಟ್ಟು ಬರಬೇಕೆಂದು ನಾವು ಮಕ್ಕಳಿಗೆ ಹೇಳುತ್ತೇವೆ. ಹಾಗೆ ಹೇಳುವುದರ ಬದಲು ಅದನ್ನು ಒಳಗೆ ಕರೆದು ಕೆಲಸಕ್ಕೆ ಹಚ್ಚೋಣ.

ಹಲಗೆಯ ಮೇಲೆ ಎರಡು ಸಾಲು ಬರೆಯಿರಿ. ಒಂದು ಕಡೆ ಪಾಲ್, ಪಲ್, ಪುಲಿ, ಪೂ, ಪತ್ತು, ಪಾಂಬು, ಪಗಲ್. ಇನ್ನೊಂದು ಕಡೆ ಹಾಲು, ಹಲ್ಲು, ಹುಲಿ ಎಂದು ಮೂರನ್ನು ಬರೆದು ನಿಲ್ಲಿಸಿ. ಮಿಕ್ಕವನ್ನು ಮಕ್ಕಳೇ ಹೇಳುತ್ತಾರೆ: ಹೂ, ಹತ್ತು, ಹಾವು, ಹಗಲು. ಹಳಗನ್ನಡದಲ್ಲಿ ನಮ್ಮವೂ ಪಾಲ್, ಪುಲಿ, ಪಾವು, ಪಗಲ್ ಎಂದೇ ಇದ್ದವು. ಮುಂದೆ ಪಕಾರವು ಹಕಾರವಾಯಿತು. ನಿಯಮವನ್ನು ಉಪಾಧ್ಯಾಯರು ಹೇಳಬೇಕಾದ್ದಿಲ್ಲ. ಮಕ್ಕಳು ತಾವೇ ಕಂಡುಹಿಡಿದರೆ ಕಳ್ಳನನ್ನು ಹಿಡಿದಷ್ಟು ಸಂತೋಷಪಡುತ್ತಾರೆ. ಇನ್ನೊಂದು ವಾರ ವಕಾರವನ್ನು ಹಿಡಿಯಿರಿ: ವಾಯ್–ಬಾಯಿ, ವೇರ್–ಬೇರು, ವಿಲ್–ಬಿಲ್ಲು, ವಿರಲ್–ಬೆರಳು, ವೆಳ್ಳಿ–ಬೆಳ್ಳಿ, ವಾೞೈ–ಬಾಳೆ, ವೆಯಿಲ್–ಬಿಸಿಲು. ಮೂರನೆಯ ವಾರ ಚಕಾರ: ಚೆವಿ–ಕಿವಿ, ಚೇರಿ–ಕೇರಿ, ಚಿಱಿಯ–ಕಿರಿಯ. ಮೂರು ವಾರಗಳಲ್ಲಿ ಇಪ್ಪತ್ತು ಮೂವತ್ತು ಮಾತುಗಳು ಬೆವರಿಲ್ಲದೆ ಬಂದವು.

ಆಮೇಲೆ ಊರಿನ ಹೆಸರುಗಳಿಗೆ ಹೋಗಿರಿ. ಪುದುಪೇಟೆ ಎಂಬುದು ಈ ನಗರದ ಒಂದು ಬಡಾವಣೆ. ಪುದು ಎಂದರೆ ಹೊಸ. ಹಾಗಾದರೆ ಅದು ನಮ್ಮ ಹೊಸಪೇಟೆ. ಪುದುಚ್ಚೇರಿಯನ್ನು ಕನ್ನಡಕ್ಕೆ ತಿರುಗಿಸಿದರೆ ಹೊಸಕೇರಿ. ವೇಳಚ್ಚೇರಿಯಲ್ಲಿಯೂ ಇರುವುದು ಅದೇ ಕೇರಿ. ಈಗ ನಾವು ಕುಳಿತಿರುವ ವಡಪಳನಿಯನ್ನೇ ನೋಡಿರಿ. ವಡ ಎಂದರೆ ಉತ್ತರ, ಉತ್ತರದ ಪಳನಿ. ವಕಾರಕ್ಕೆ ಬಕಾರ ಎಂಬ ನಿಯಮ ಗೊತ್ತಿರುವ ಮಗು ‘ಬಡ’ ಎನ್ನುತ್ತದೆ. ಕನ್ನಡದಲ್ಲಿ ಬಡಗು ಎಂದರೆ ಉತ್ತರವಷ್ಟೆ. ಯಕ್ಷಗಾನದ ಬಡಗುತಿಟ್ಟು, ನೀಲಗಿರಿಯ ಬಡಗರು, ಎಲ್ಲ ಒಂದೇ ಬೇರಿನವು. ಬಡಗು ಬಂದರೆ ತೆಂಕು ಬರಲೇಬೇಕು. ತೆನ್‌ಕಾಶಿಯನ್ನು ಕೇಳಿರುವ ಹುಡುಗನಿಗೆ ತೆಂಕುತಿಟ್ಟು ಕಷ್ಟವಲ್ಲ. ಉಳಿದ ಎರಡು ದಿಕ್ಕುಗಳಿಗೆ ಮೂಡಬಿದಿರೆಯನ್ನೂ ಪಡುಬಿದಿರೆಯನ್ನೂ ಭೂಪಟದಲ್ಲಿ ತೋರಿಸಿದರಾಯಿತು. ನೇಸರು ಮೂಡುವ ಕಡೆ ಮೂಡಣ, ಪಡುವ ಕಡೆ ಪಡುವಣ. ದಿನವೂ ಬಸ್ಸಿನ ಹಲಗೆಯ ಮೇಲೆ ಓದುವ ಒಂದು ಹೆಸರಿನಿಂದ ಹೊರಟು ಮಗು ನಾಲ್ಕು ದಿಕ್ಕುಗಳನ್ನೂ ಅಚ್ಚಗನ್ನಡದಲ್ಲಿ ಕಲಿತ ಹಾಗಾಯಿತು.

ಇದರಲ್ಲಿ ಎಡವುವ ಕಲ್ಲುಗಳೂ ಉಂಟು, ಅವೂ ಪಾಠವೇ. ಪುಸ್ತಕ ಏಕೆ ‘ಹುಸ್ತಕ’ವಾಗಲಿಲ್ಲ ಎಂದು ಒಂದು ಮಗು ಕೇಳಿಯೇ ಕೇಳುತ್ತದೆ. ಅದು ಸಂಸ್ಕೃತದಿಂದ ಬಂದು ಹಾಗೆಯೇ ಉಳಿದ ಮಾತು ಎಂದು ಹೇಳಲು ಅದಕ್ಕಿಂತ ಒಳ್ಳೆಯ ಸಂದರ್ಭ ಸಿಕ್ಕದು. ಪಡೆ ಎಂಬಂಥ ಕೆಲವು ಅಚ್ಚಗನ್ನಡ ಮಾತುಗಳೂ ಪಕಾರವನ್ನು ಬಿಟ್ಟುಕೊಟ್ಟಿಲ್ಲ. ರೂಪ ಒಂದಾಗಿ ಅರ್ಥ ಬೇರೆಯಾದ ಮಾತುಗಳು ಇನ್ನೂ ಸೊಗಸು. ತಮಿಳಿನ ಮನೈ ಇಂದು ಮನೆ ಕಟ್ಟುವ ನಿವೇಶನ; ನಮಗೆ ಕಟ್ಟಿ ಮುಗಿದ ಮನೆ. ಅವರ ವೀಡು ನಮ್ಮಲ್ಲಿ ಬೀಡಾಗಿ, ದಂಡು ಇಳಿಯುವ ಜಾಗವಾಯಿತು. ಅಲ್ಲಿ ಅಂಗಡಿಯ ಹಲಗೆಯ ಮೇಲಿನ ನಗೈ ಎಂದರೆ ಒಡವೆ. ಇಲ್ಲಿ ನಗೆ ಎಂದರೆ ನಗುವೇ. ಅವರ ವಯಿಱು ಎಲ್ಲರಿಗೂ ಇರುವ ಹೊಟ್ಟೆ. ನಮ್ಮ ಬಸಿರು ತಾಯಿಯಾಗುವವಳಿಗೆ ಮಾತ್ರ. ಬರಹದ ತಮಿಳಿನಲ್ಲಿ ಇಲೈ ಎಂದರೆ ಎಲೆ, ಎಲಿ ಎಂದರೆ ಇಲಿ. ಈ ಜೋಡಿಯನ್ನು ಒಮ್ಮೆ ಹೇಳಿ ನೋಡಿರಿ. ತರಗತಿ ನಕ್ಕು ನಕ್ಕು ಸುಸ್ತಾಗುತ್ತದೆ, ಮಾತು ಮಾತ್ರ ಮರೆಯುವುದಿಲ್ಲ.

ಕನ್ನಡ ತರಗತಿಯಲ್ಲಿ ತಮಿಳು ಬಂದರೆ ಎರಡೂ ಕಲಸಿಹೋಗವೆ ಎಂದು ತಂದೆತಾಯಿಗಳು ಅಂಜುತ್ತಾರೆ. ಅಂಜಿಕೆ ಸಹಜ. ಎರಡು ನುಡಿಗಳು ಮಗುವಿನ ತಲೆಯಲ್ಲಿ ಈಗಾಗಲೇ ಒಟ್ಟಿಗೆ ಇವೆ. ನಾವು ಬೇಡವೆಂದ ಮಾತ್ರಕ್ಕೆ ಒಂದು ಎದ್ದು ಹೋಗುವುದಿಲ್ಲ. ಪಕ್ಕಪಕ್ಕದಲ್ಲಿಟ್ಟು ತೋರಿಸಿದಾಗಲೇ ಎಲ್ಲಿ ಒಂದು, ಎಲ್ಲಿ ಬೇರೆ ಎಂಬುದು ಮಗುವಿಗೆ ಸ್ಪಷ್ಟವಾಗುತ್ತದೆ. ಬರಹದಲ್ಲಿ ಇದು ಬಹಳ ಮುಖ್ಯ. ತಮಿಳು ಲಿಪಿಯಲ್ಲಿ ಕ, ಖ, ಗ, ಘ ಎಲ್ಲಕ್ಕೂ ಒಂದೇ ಅಕ್ಷರ. ಅದನ್ನು ಮೊದಲು ಕಲಿತ ಮಗು ಕನ್ನಡ ಬರೆಯುವಾಗ ಗಾಳಿಯನ್ನು ಕಾಳಿ ಮಾಡುತ್ತದೆ, ದಾನವನ್ನು ತಾನ ಮಾಡುತ್ತದೆ. ಇದು ಅಜಾಗರೂಕತೆಯಲ್ಲ, ಲಿಪಿಯ ಅಭ್ಯಾಸ. ಗದರಿಸುವ ಬದಲು ಕಡಿ–ಗಡಿ, ತನ–ದನ, ಪಡಿ–ಬಡಿ ಎಂದು ಜೋಡಿ ಮಾತುಗಳನ್ನು ಕೂಗಿ, ಒಂದಕ್ಕೆ ಬಲಗೈ, ಇನ್ನೊಂದಕ್ಕೆ ಎಡಗೈ ಎತ್ತುವ ಆಟವನ್ನು ಆಡಿಸಿದರೆ ಕಿವಿ ಪಳಗುತ್ತದೆ. ಕಿವಿ ಪಳಗಿದ ಮೇಲೆ ಕೈ ತಾನಾಗಿ ಸರಿಹೋಗುತ್ತದೆ.

ಎರಡನೆಯ ಬಗೆ, ಒಂದು ಮಾತಿನಿಂದ ಅದರ ಬಳಗವನ್ನು ಬೆಳೆಸುವುದು. ಆಡು–ಆಟ, ಓಡು–ಓಟ, ಕೂಡು–ಕೂಟ, ನೋಡು–ನೋಟ. ಇವುಗಳಲ್ಲಿ ಮೊದಲ ಮೂರಕ್ಕೆ ತಮಿಳಿನ ಆಟ್ಟಂ, ಓಟ್ಟಂ, ಕೂಟ್ಟಂ ಜೊತೆಗಿವೆ. ‘ಹಾಗಾದರೆ ಮಾಡು?’ ಎಂದು ಕೇಳಿರಿ. ‘ಮಾಟ’ ಎನ್ನುತ್ತಾರೆ, ಮಾಟದ ಅರ್ಥ ಹೇಳಿದಾಗ ಕಣ್ಣರಳಿಸುತ್ತಾರೆ. ಉಡು–ಉಡಿಗೆ, ತೊಡು–ತೊಡಿಗೆ, ಅಡು–ಅಡಿಗೆ, ಹೊಲಿ–ಹೊಲಿಗೆ, ಏಳು–ಏಳಿಗೆ. ಇನ್ನೂ ಮುಂದೆ ಹೋಗಿ, ನಂಬು–ನಂಬಿಕೆ, ನಾಚು–ನಾಚಿಕೆ, ಹೆದರು–ಹೆದರಿಕೆ, ಕೋರು–ಕೋರಿಕೆ. ನಾನು ಆರಂಭದಲ್ಲಿ ಹೇಳಿದ ಮನಸ್ಸಿನ ಮಾತುಗಳು ಇವೇ. ಅಡಿಗೆಮನೆಯಿಂದ ಮನಸ್ಸಿನ ಕಡೆಗೆ ಹೋಗುವ ದಾರಿ ಇಷ್ಟು ಸರಳವಾಗಿದೆ. ಹಾಗೆಯೇ ಕೈ ಎಂಬ ಒಂದು ಮಾತನ್ನು ತೆಗೆದುಕೊಳ್ಳಿರಿ. ಕೈತೋಟ, ಕೈಪಿಡಿ, ಕೈಮರ, ಕೈಗೂಸು, ಕೈಗಾರಿಕೆ. ಕೈಹಿಡಿ, ಕೈಬಿಡು, ಕೈಕೊಡು, ಕೈಗೂಡು. ಗೆಳೆಯನು ‘ಕೈಕೊಟ್ಟ’ ಎಂದರೆ ಸಹಾಯ ಮಾಡಿದನೋ ಮೋಸ ಮಾಡಿದನೋ ಎಂಬ ಚರ್ಚೆಯಲ್ಲಿ ಅರ್ಧ ಗಂಟೆ ಕಳೆದರೂ ನಷ್ಟವಿಲ್ಲ. ಆ ಅರ್ಧ ಗಂಟೆ ಮಕ್ಕಳು ಕನ್ನಡದಲ್ಲಿ ವಾದ ಮಾಡಿರುತ್ತಾರೆ.

ಮೂರನೆಯದು ಅಭಿನಯ. ಇದು ಸಿನಿಮಾ ಕಂಡ ಬಡಾವಣೆ. ಇಲ್ಲಿನ ಮಕ್ಕಳಿಗೆ ಅಭಿನಯ ಕಲಿಸಬೇಕಾದ್ದಿಲ್ಲ. ಒಬ್ಬನು ಸರಸರನೆ ನಡೆಯಲಿ, ಒಬ್ಬಳು ಮೆಲ್ಲಮೆಲ್ಲನೆ ನಡೆಯಲಿ, ಮತ್ತೊಬ್ಬನು ದಡದಡನೆ ಓಡಲಿ, ಇನ್ನೊಬ್ಬಳು ಥಟ್ಟನೆ ನಿಲ್ಲಲಿ. ಉಳಿದವರು ನೋಡಿ ಮಾತನ್ನು ಹೇಳಲಿ. ಕನ್ನಡದ ಅನುಕರಣ ಶಬ್ದಗಳಿಗೆ ಅರ್ಥ ಬರೆಸುವುದು ವ್ಯರ್ಥ. ಮೈಯಿಂದಲೇ ಅವು ತಿಳಿಯಬೇಕು. ಸಿಟ್ಟು, ಮುನಿಸು, ಕೋಪ ಇವುಗಳ ಭೇದವನ್ನು ಮುಖದಲ್ಲಿ ತೋರಿಸಲು ಹೇಳಿರಿ. ಮುನಿಸು ತನ್ನವರ ಮೇಲೆ ಮಾತ್ರ ಬರುತ್ತದೆ ಎಂಬುದನ್ನು ಒಂದು ಮಗು ಅಭಿನಯಿಸಿ ತೋರಿಸಿದರೆ ನಿಘಂಟು ಅದಕ್ಕಿಂತ ಹೆಚ್ಚಿಗೆ ಏನನ್ನೂ ಹೇಳಲಾರದು. ಹೊಸ ಪದಗಳನ್ನು ಹಾಡಿನಲ್ಲಿ ಹೇಳಿಕೊಡುವುದಕ್ಕೂ ನಮ್ಮಲ್ಲಿ ಕೊರತೆಯಿಲ್ಲ. ದಕ್ಷಿಣ ಕನ್ನಡವು ಮದರಾಸು ಪ್ರಾಂತಕ್ಕೆ ಸೇರಿದ್ದ ಕಾಲದಲ್ಲಿ ವಿದ್ಯಾ ಇಲಾಖೆಯಲ್ಲಿ ದುಡಿದ ಪಂಜೆ ಮಂಗೇಶರಾಯರು (೧೮೭೪–೧೯೩೭), ಅವರ ತರುವಾಯ ಜಿ. ಪಿ. ರಾಜರತ್ನಂ ಅವರು ಮಕ್ಕಳ ನಾಲಗೆಗೆ ಒಗ್ಗುವ ಹಾಡುಗಳನ್ನು ಬೇಕಾದಷ್ಟು ಬರೆದಿಟ್ಟಿದ್ದಾರೆ.

ನಾಲ್ಕನೆಯದು ಒಗಟು. ಹಳೆಯ ಒಗಟುಗಳನ್ನು ಬಿಡಿಸುವುದಕ್ಕಿಂತ ಹೊಸದನ್ನು ಕಟ್ಟಿಸುವುದು ಹೆಚ್ಚು ಫಲ ಕೊಡುತ್ತದೆ. ಒಂದು ಚೀಲದಲ್ಲಿ ಬಾಚಣಿಗೆ, ಬೀಗ, ಸೌಟು, ಸೂಜಿ, ಲಾಟೀನು ಇವನ್ನು ಹಾಕಿ, ಒಂದೊಂದು ಮಗುವೂ ಒಂದನ್ನು ಕಾಣದಂತೆ ತೆಗೆದುಕೊಳ್ಳಲಿ. ಹೆಸರು ಹೇಳದೆ ಅದನ್ನು ವರ್ಣಿಸಬೇಕು. ‘ನನಗೆ ಹಲ್ಲುಂಟು, ಅಗಿಯಲಾರೆ, ದಿನವೂ ನಿಮ್ಮ ತಲೆಯ ಮೇಲೆಯೇ ನಡೆಯುತ್ತೇನೆ’ ಎಂದರೆ ಬಾಚಣಿಗೆ. ಬಾಚಣಿಗೆ ಎಂಬ ಒಂದು ಮಾತಿಗಾಗಿ ಮಗು ಹಲ್ಲು, ಅಗಿ, ತಲೆ, ನಡೆ ಎಂದು ನಾಲ್ಕು ಮಾತು ಆಡಿತು. ಉತ್ತರ ಕೇಳುವವರಿಗಿಂತ ಒಗಟು ಕಟ್ಟುವವರಿಗೆ ಲಾಭ ಹೆಚ್ಚು.

ಇಷ್ಟೆಲ್ಲ ಮಾಡಿಯೂ ಮರೆವು ಇದ್ದೇ ಇದೆ. ಜರ್ಮನಿಯ ಎಬ್ಬಿಂಗ್‌ಹೌಸ್ ಎಂಬ ವಿದ್ವಾಂಸನು ತನ್ನ ಮೇಲೆಯೇ ಪರೀಕ್ಷೆಗಳನ್ನು ಮಾಡಿಕೊಂಡು ೧೮೮೫ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ ಎರಡು ಸಂಗತಿಗಳನ್ನು ತೋರಿಸಿದನು. ಕಲಿತದ್ದರಲ್ಲಿ ಬಹಳಷ್ಟನ್ನು ನಾವು ಮೊದಲ ಕೆಲವು ಗಂಟೆಗಳಲ್ಲಿಯೇ ಕಳೆದುಕೊಳ್ಳುತ್ತೇವೆ; ಒಂದೇ ಕೂರಿಕೆಯಲ್ಲಿ ಅನೇಕ ಸಲ ಓದುವುದಕ್ಕಿಂತ ಬಿಡುವು ಕೊಟ್ಟು ಕೊಟ್ಟು ಓದಿದ್ದು ಹೆಚ್ಚು ಕಾಲ ನಿಲ್ಲುತ್ತದೆ. ಹತ್ತು ಸಲ ಬರೆಸುವುದನ್ನು ನಾನು ಬೇಡವೆನ್ನುವುದು ಇದಕ್ಕಾಗಿಯೇ. ಅದರ ಬದಲು ಪ್ರತಿಯೊಂದು ಮಗುವೂ ಒಂದು ಡಬ್ಬಿಯನ್ನು ಇಟ್ಟುಕೊಳ್ಳಲಿ. ಹೊಸ ಮಾತು ಬಂದಾಗ ಚೀಟಿಯ ಒಂದು ಬದಿಗೆ ಮಾತು, ಇನ್ನೊಂದು ಬದಿಗೆ ತಾನೇ ಮಾಡಿದ ಒಂದು ವಾಕ್ಯ. ಭಾನುವಾರ ಕಲಿತದ್ದನ್ನು ಅಂದೇ ರಾತ್ರಿ ಒಮ್ಮೆ, ಬುಧವಾರ ಒಮ್ಮೆ, ಮುಂದಿನ ಭಾನುವಾರ ತರಗತಿಯಲ್ಲಿ ಒಮ್ಮೆ, ತಿಂಗಳ ಕೊನೆಯಲ್ಲಿ ಒಮ್ಮೆ ತೆಗೆದು ನೋಡಬೇಕು. ಐದು ನಿಮಿಷದ ಕೆಲಸ. ಈ ನಾಲ್ಕು ಸಲ, ಒಂದೇ ಸಂಜೆಯ ಹತ್ತು ಸಲಕ್ಕಿಂತ ಮೇಲು.

ಇನ್ನು ಮನೆಯವರಿಗೆ ಎರಡು ಮಾತು. ಮಗು ‘ನಾನು ಪಾಲ್ ಕುಡಿದೆ’ ಎಂದರೆ ದಯವಿಟ್ಟು ನಗಬೇಡಿರಿ. ಪಂಪನ ಕಾಲದ ಕನ್ನಡಿಗನೂ ಪಾಲ್ ಎಂದೇ ಹೇಳುತ್ತಿದ್ದನು. ‘ಹೌದೆ? ಹಾಲು ಬಿಸಿಯಾಗಿತ್ತೆ?’ ಎಂದು ಮಾತು ಮುಂದುವರಿಸಿದರೆ ಮಗು ತಾನೇ ತಿದ್ದಿಕೊಳ್ಳುತ್ತದೆ. ನಕ್ಕರೆ ಮುಂದಿನ ಸಲ ಅದು ಕನ್ನಡದಲ್ಲಿ ಬಾಯಿ ಬಿಡುವುದಿಲ್ಲ. ಅನೇಕ ಮನೆಗಳಲ್ಲಿ ಕನ್ನಡ ಮಾಯವಾದದ್ದು ತಮಿಳಿನಿಂದಲೂ ಅಲ್ಲ, ಇಂಗ್ಲಿಷಿನಿಂದಲೂ ಅಲ್ಲ, ಈ ನಗೆಯಿಂದ. ಎರಡನೆಯದಾಗಿ, ನಮ್ಮ ಸಂಘದಲ್ಲಿ ಮಂಗಳೂರಿನವರಿದ್ದಾರೆ, ಧಾರವಾಡದವರಿದ್ದಾರೆ, ಮೈಸೂರಿನವರಿದ್ದಾರೆ. ಮನೆಯಲ್ಲಿ ತುಳು, ಕೊಂಕಣಿ ಆಡುವವರೂ ಇದ್ದಾರೆ. ಯಾವುದು ಶುದ್ಧ ಕನ್ನಡ ಎಂಬ ಜಗಳ ಮಕ್ಕಳ ಮುಂದೆ ಬೇಡ. ಒಬ್ಬರು ‘ಮೆಣಸಿನಕಾಯಿ’ ಎನ್ನಲಿ, ಒಬ್ಬರು ‘ಮೆಣಸು’ ಎನ್ನಲಿ, ಇನ್ನೊಬ್ಬರು ‘ಮೆಣಸಿನಕಾಯ್’ ಎನ್ನಲಿ, ಖಾರ ಒಂದೇ. ಮಗುವಿಗೆ ಎರಡು ಮಾತು ಸಿಕ್ಕಿದರೆ ನಷ್ಟವೇನು?

ಕೊನೆಯದಾಗಿ ಒಂದು ಸಣ್ಣ ಲೆಕ್ಕ. ವರ್ಷಕ್ಕೆ ನಲವತ್ತು ಭಾನುವಾರ ತರಗತಿ ನಡೆದು, ವಾರಕ್ಕೆ ಹತ್ತೇ ಮಾತು ಮನಸ್ಸಿನಲ್ಲಿ ನಿಂತರೂ ವರ್ಷಕ್ಕೆ ೪೦೦, ಐದು ವರ್ಷಕ್ಕೆ ೨,೦೦೦. ಮನೆಯಿಂದ ಬಂದ ಮಾತುಗಳ ಜೊತೆಗೆ ಇವು ಸೇರಿದರೆ ಪತ್ರ ಬರೆಯಬಹುದು, ಕತೆ ಓದಬಹುದು, ಅಜ್ಜಿಯೊಡನೆ ಮನಸ್ಸು ಬಿಚ್ಚಿ ಮಾತನಾಡಬಹುದು. ಬರಿಯ ತರಗತಿಯಿಂದ ಇದು ಆಗದು ಎಂಬುದನ್ನೂ ಸ್ಪಷ್ಟವಾಗಿ ಹೇಳಬೇಕು. ವಾರದ ಒಂದು ಗಂಟೆಯಲ್ಲಿ ಬೀಜ ಹಾಕಬಹುದು. ಉಳಿದ ದಿನಗಳಲ್ಲಿ ನೀರು ಹಾಕುವವರು ನೀವು.

ಕನ್ನಡ ಸಾಹಿತ್ಯ ಪರಿಷತ್ತಿನ ಎಂಟು ಸಂಪುಟಗಳ ಕನ್ನಡ ನಿಘಂಟು ೧೯೯೫ರಲ್ಲಿ ಪೂರ್ತಿಯಾಯಿತು. ಅಲ್ಲಿ ನಮ್ಮ ಮಾತುಗಳೆಲ್ಲ ಭದ್ರವಾಗಿವೆ. ಅವಕ್ಕೆ ಇನ್ನು ಮುಪ್ಪಿಲ್ಲ. ನಮಗಿರುವ ಚಿಂತೆ ವಡಪಳನಿಯ ಮನೆಗಳಲ್ಲಿ ಬೆಳೆಯುತ್ತಿರುವ ಮಕ್ಕಳದು. ಮುಂದಿನ ಭಾನುವಾರ ನಿಮ್ಮ ಮಗುವನ್ನು ತರಗತಿಗೆ ಕಳುಹಿಸುವಾಗ ಕೈಯಲ್ಲಿ ಒಂದು ಖಾಲಿ ಡಬ್ಬಿಯನ್ನು ಕೊಟ್ಟು ಕಳುಹಿಸಿರಿ. ಮನೆಗೆ ಬಂದ ಮೇಲೆ ಅದರಲ್ಲಿ ಏನಿದೆ ಎಂದು ಕನ್ನಡದಲ್ಲಿ ಕೇಳಿರಿ. ಇಷ್ಟೇ ನನ್ನ ಅರಿಕೆ.